ಶೆಡ್ಡಿನ ಬೋರ್ಡಿಗೆ ಬೇರೆ ಮೇನ್ ಸ್ವಿಚ್, ಬೇರೆ ಅರ್ಥಿಂಗ್ ಬೇಕಾ? ಎಮ್ಮೆ ತೊಟ್ಟಿ ನೀರು ಮುಟ್ಟುತ್ತಿಲ್ಲ

ಕಾರಟಗಿ ಹೈನುಗಾರ (ಭಾನುವಾರ, ರಾತ್ರಿ 9:10)

ಎಲ್ಲರಿಗೂ ನಮಸ್ಕಾರ. ನಮ್ಮದು ಕಾರಟಗಿ ಹತ್ತಿರದ ಹಳ್ಳಿ. ಹೋದ ವರ್ಷ ಮನೆಯಿಂದ 45 ಮೀಟರ್ ದೂರದಲ್ಲಿ ದನದ ಶೆಡ್ ಹಾಕಿದೆವು. ಎಂಟು ಎಮ್ಮೆ ಇವೆ. ಶೆಡ್ಡಿನಲ್ಲಿ 2 ಎಚ್‌ಪಿ ಮೇವು ಕತ್ತರಿಸುವ ಮಷಿನ್, ಅರ್ಧ ಎಚ್‌ಪಿ ನೀರಿನ ಮೋಟರ್, ನಾಲ್ಕು ಫ್ಯಾನ್, ಐದಾರು ಲೈಟ್. ಎಲ್ಲ ಸಿಂಗಲ್ ಫೇಸ್.

ಮನೆಯ ಮೀಟರ್ ಬೋರ್ಡಿನಿಂದ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್, ಎರಡೇ ಎಳೆ, ನಡುವೆ ಒಂದು ಪೈಪ್ ಕಂಬ ನೆಟ್ಟು ಮೇಲಿಂದ ಎಳೆದಿದ್ದಾರೆ. ಶೆಡ್ಡಿನ ಬೋರ್ಡಿನಲ್ಲಿ ಒಂದು 32 ಆಂಪ್ ಸಿಂಗಲ್ ಪೋಲ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್, ಒಂದೇ ತಂತಿ ಕಡಿಯುವಂಥದ್ದು). ಬೋರ್ಡಿನ ಕೆಳಗೆ ಮೂರಡಿ ಕಬ್ಬಿಣದ ರಾಡ್ ಹೊಡೆದು ಅದಕ್ಕೆ ಅರ್ಥ್ ವೈರ್ ಸುತ್ತಿದ್ದಾರೆ.

ಸಮಸ್ಯೆ ಏನಂದರೆ, ಎರಡು ತಿಂಗಳಿಂದ ಎಮ್ಮೆಗಳು ತಗಡಿನ ತೊಟ್ಟಿಯಲ್ಲಿ ನೀರು ಕುಡಿಯುತ್ತಿಲ್ಲ. ಮೂತಿ ಇಡುತ್ತವೆ, ತಟ್ಟನೆ ಹಿಂದೆ ಸರಿಯುತ್ತವೆ. ಬಕೆಟ್‌ನಲ್ಲಿ ಕೊಟ್ಟರೆ ಗಟಗಟ ಕುಡಿಯುತ್ತವೆ. ಹಾಲು ಕಡಿಮೆ ಆಗಿದೆ. ಡಾಕ್ಟರಿಗೆ ತೋರಿಸಿದೆ, ರೋಗ ಏನೂ ಇಲ್ಲ ಅಂದರು. ಮೊನ್ನೆ ನಮ್ಮವ್ವ ಬರಿಗಾಲಲ್ಲಿ ತೊಟ್ಟಿ ತೊಳೆಯುವಾಗ "ಕೈಗೆ ಜುಮ್ ಅಂತೈತಿ ನೋಡಪಾ" ಅಂದಳು. ಆಗ ತಲೆಗೆ ಹೊಳೆಯಿತು. ಟೆಸ್ಟರ್ ಇಟ್ಟರೆ ಲೈಟ್ ಹತ್ತುವುದಿಲ್ಲ.

ವೈರಿಂಗ್ ಮಾಡಿದವರನ್ನು ಕೇಳಿದರೆ "ಮನೇಲಿ ಮೇನ್ ಸ್ವಿಚ್ ಇದೆ, ಶೆಡ್ಡಿಗೆ ಯಾಕೆ, ಅರ್ಥಿಂಗ್ ಡಬಲ್ ಸ್ಟ್ರಾಂಗ್ ಮಾಡೀನಿ" ಅನ್ನುತ್ತಾರೆ. ಗೊತ್ತಿದ್ದವರು ಹೇಳಿ.

ಮಾನ್ವಿ ಹುಡುಗ (ಭಾನುವಾರ, ರಾತ್ರಿ 9:31)

ಅಣ್ಣ, ಇದರಲ್ಲಿ ಏನಿದೆ. ಮೂರಡಿ ರಾಡ್ ಸಾಲಲ್ಲ. ಎಂಟು ಅಡಿ ಗುಂಡಿ ತೆಗೆಸಿ ಪೈಪ್ ಇಳಿಸಿ, ಇದ್ದಿಲು ಉಪ್ಪು ಹಾಕಿ, ದಿನಾ ಒಂದು ಕೊಡ ನೀರು ಸುರಿಯಿರಿ. ಎಲ್ಲ ಸರಿ ಹೋಗುತ್ತೆ.

ಶಕ್ತಿನಗರದ ನಿವೃತ್ತ (ಸೋಮವಾರ, ಬೆಳಿಗ್ಗೆ 6:45)

ಗುಂಡಿ ಆಮೇಲೆ ತೋಡೋಣ. ಕಾರಟಗಿ ತಮ್ಮ, ಮೊದಲು ಎರಡು ವಿಷಯ ಹೇಳು. ಒಂದು, ಜುಮ್ ಅನ್ನುವುದು ಯಾವಾಗಲೂ ಇರುತ್ತದಾ, ಮೇವಿನ ಮಷಿನ್ ಓಡುವಾಗ ಮಾತ್ರವಾ? ಎರಡು, ಶೆಡ್ಡಿನ ಬೋರ್ಡ್ ಬಿಚ್ಚಿದರೆ ನ್ಯೂಟ್ರಲ್ ವೈರೂ ಅರ್ಥ್ ವೈರೂ ಒಂದೇ ಹಿತ್ತಾಳೆ ಪಟ್ಟಿಗೆ ಸೇರಿವೆಯಾ? ಬಿಚ್ಚುವ ಮುಂಚೆ ಮನೆಯಲ್ಲಿ ಮೇನ್ ಆಫ್ ಮಾಡು. ಯಾರೂ ಆನ್ ಮಾಡದಂತೆ ಅಲ್ಲಿ ಒಬ್ಬರನ್ನು ನಿಲ್ಲಿಸು.

ಟೆಸ್ಟರ್ ಐದಾರು ವೋಲ್ಟಿಗೆ ಹತ್ತಲ್ಲ, ಅದನ್ನು ನಂಬಬೇಡ. ಮಲ್ಟಿಮೀಟರ್ ಸಿಕ್ಕರೆ ಎಸಿ ದೊಡ್ಡ ರೇಂಜಿನಲ್ಲಿ ಇಟ್ಟು, ಒಂದು ತುದಿ ತೊಟ್ಟಿಗೆ, ಇನ್ನೊಂದು ತುದಿಯನ್ನು ಉದ್ದ ವೈರಿನಿಂದ ಹತ್ತು ಮೀಟರ್ ದೂರ ಹಸಿ ನೆಲಕ್ಕೆ ಚುಚ್ಚಿದ ಸ್ಕ್ರೂಡ್ರೈವರಿಗೆ ಹಾಕಿ ನೋಡು. ಕಾಲಲ್ಲಿ ಒಣ ಚಪ್ಪಲಿ ಇರಲಿ.

ಕಾರಟಗಿ ಹೈನುಗಾರ (ಸೋಮವಾರ, ಸಂಜೆ 7:20)

ಸರ್, ನೀವು ಇಲ್ಲೇ ನಿಂತು ನೋಡಿದ ಹಾಗೆ ಕೇಳಿದಿರಿ. ಬೋರ್ಡಿನೊಳಗೆ ಕಪ್ಪು ವೈರ್, ಹಸಿರು ವೈರ್ ಎರಡೂ ಒಂದೇ ಪಟ್ಟಿಯಲ್ಲಿವೆ. "ಡಬಲ್ ಸ್ಟ್ರಾಂಗ್" ಅಂದದ್ದು ಇದೇ ಅಂತ ಈಗ ಗೊತ್ತಾಯಿತು.

ಮೀಟರ್ ಪಕ್ಕದ ಮನೆಯ ಹುಡುಗ ತಂದ. ಮೋಟರ್ ಎಲ್ಲ ಬಂದ್ ಇದ್ದಾಗ ಅರ್ಧ ವೋಲ್ಟ್‌ಗಿಂತ ಕಡಿಮೆ. ಮೇವಿನ ಮಷಿನ್ ಓಡುವಾಗ 3 ವೋಲ್ಟ್ ಮೇಲೆ. ನೀರಿನ ಮೋಟರೂ ಸೇರಿಸಿದರೆ 5 ಹತ್ತಿರ. ಮಷಿನ್ ಚಾಲು ಮಾಡುವ ಕ್ಷಣಕ್ಕೆ ಎಷ್ಟೋ ಮೇಲೆ ಹಾರಿ ಇಳಿಯುತ್ತೆ, ಓದೋಕೆ ಆಗಲಿಲ್ಲ. ನಾವು ಮೇವು ಕತ್ತರಿಸುವುದೂ ನೀರು ಬಿಡುವುದೂ ಒಂದೇ ಹೊತ್ತಿನಲ್ಲಿ, ಬೆಳಿಗ್ಗೆ ಮತ್ತು ಸಂಜೆ.

ಗಂಗಾವತಿ ಡಿಪ್ಲೊಮಾ (ಸೋಮವಾರ, ರಾತ್ರಿ 8:05)

ಲೆಕ್ಕ ಸರಿಯಾಗಿ ಕೂರುತ್ತೆ ನೋಡಿ. 2.5 ಸ್ಕ್ವೇರ್ ತಾಮ್ರಕ್ಕೆ ಕಿಲೋಮೀಟರಿಗೆ 7.41 ಓಮ್. 45 ಮೀಟರ್ ನ್ಯೂಟ್ರಲ್ ಅಂದರೆ ಓಮ್‌ನ ಮೂರನೇ ಒಂದು ಭಾಗ. ಮಷಿನ್ 11 ಆಂಪ್ ಎಳೆದರೆ ಆ ನ್ಯೂಟ್ರಲ್ ವೈರಿನಲ್ಲೇ 3.7 ವೋಲ್ಟ್ ಉಳಿಯುತ್ತೆ. ನೀರಿನ ಮೋಟರ್, ಫ್ಯಾನ್ ಎಲ್ಲ ಸೇರಿ 17 ಆಂಪ್ ಆದರೆ 5.7. ಮಷಿನ್ ಎದ್ದೇಳುವಾಗ 60 ಆಂಪ್ ಎಳೆದರೆ 20 ವೋಲ್ಟ್. ನ್ಯೂಟ್ರಲನ್ನು ಶೆಡ್ಡಿನಲ್ಲಿ ಅರ್ಥಿಗೆ ಕಟ್ಟಿದ್ದರಿಂದ ಆ ವೋಲ್ಟೇಜ್ ಸೀದಾ ತೊಟ್ಟಿ, ಪೈಪ್, ಮಷಿನ್ ಬಾಡಿ ಮೇಲೆ ಬಂದು ಕೂತಿದೆ. ರಾಡ್ ಸ್ವಲ್ಪ ಇಳಿಸುತ್ತೆ, ಪೂರ್ತಿ ಅಲ್ಲ.

ನಮಗೆ ಚಪ್ಪಲಿ ಇದೆ. ಎಮ್ಮೆಗೆ ಇಲ್ಲ. ನಾಲ್ಕು ಕಾಲು ಒದ್ದೆ ನೆಲದಲ್ಲಿ, ಒದ್ದೆ ಮೂತಿ ತಗಡಿನ ಮೇಲೆ. ಮನುಷ್ಯನಿಗೆ ಗೊತ್ತೇ ಆಗದ ವೋಲ್ಟೇಜು ದನಕ್ಕೆ ಗೊತ್ತಾಗುತ್ತೆ.

ಶಕ್ತಿನಗರದ ನಿವೃತ್ತ (ಸೋಮವಾರ, ರಾತ್ರಿ 10:15)

ಡಿಪ್ಲೊಮಾ ತಮ್ಮ ಲೆಕ್ಕ ಚೆನ್ನಾಗಿ ಮಾಡಿದ. ಆದರೆ 5 ವೋಲ್ಟ್ ಇಲ್ಲಿ ದೊಡ್ಡ ಭಯ ಅಲ್ಲ. ಆ ಮೇಲಿನ ಎರಡು ಎಳೆಯಲ್ಲಿ ನ್ಯೂಟ್ರಲ್ ಗಾಳಿಗೆ ಕಿತ್ತು ಬಿದ್ದಿತು ಅಂದುಕೊಳ್ಳಿ. ಫೇಸ್ ಇನ್ನೂ ಬರುತ್ತಿದೆ. ಅದು ಲೈಟು, ಮೋಟರ್ ಮೂಲಕ ಹಾದು ನ್ಯೂಟ್ರಲ್ ಪಟ್ಟಿಗೆ ಬರುತ್ತೆ, ಅಲ್ಲಿಂದ ಹಸಿರು ವೈರಿಗೆ, ಅಲ್ಲಿಂದ ತೊಟ್ಟಿಗೆ. ವಾಪಸ್ ಹೋಗೋಕೆ ಆ ಮೂರಡಿ ರಾಡ್ ಒಂದೇ ದಾರಿ. ತೊಟ್ಟಿ ಮೇಲೆ 200ಕ್ಕೂ ಜಾಸ್ತಿ ವೋಲ್ಟ್ ನಿಲ್ಲಬಹುದು. ಯಾವ ಎಂಸಿಬಿಯೂ ಬೀಳಲ್ಲ. ಎಮ್ಮೆಗಳು ಎರಡು ತಿಂಗಳಿಂದ ನಿಮಗೆ ಪುಕ್ಕಟೆ ಎಚ್ಚರಿಕೆ ಕೊಡುತ್ತಿವೆ.

ಹಾಗಂತ ಇವತ್ತೇ ಆ ಜೋಡಣೆ ಕಿತ್ತುಹಾಕಿ ಸುಮ್ನೆ ಕೂರಬೇಡ. ಕಿತ್ತರೆ ಶೆಡ್ಡಿಗೆ ಉಳಿಯುವುದು ಬರೀ ರಾಡ್. ಮಾನ್ವಿ ತಮ್ಮ ಹೇಳಿದ ದೊಡ್ಡ ಗುಂಡಿಯೂ ಒಂದೇ ಇದ್ದರೆ ಸಾಲದು. ಯಾಕೆ ಅಂತ ಹೇಳುತ್ತೇನೆ, ಎಲ್ಲರೂ ಎಡವುವುದು ಇಲ್ಲೇ.

ನಮ್ಮ ಕಡೆಯ ಕರೆಂಟ್ ಕಂಪನಿ ಜೆಸ್ಕಾಂ ನಮ್ಮಂಥ ಮನೆಗೆ ಕೊಡುವುದು ಫೇಸ್ ಮತ್ತು ನ್ಯೂಟ್ರಲ್. ಅರ್ಥ್ ನಾವೇ ಮಾಡಿಕೊಳ್ಳಬೇಕು. ಟಿಸಿ (ಟ್ರಾನ್ಸ್‌ಫಾರ್ಮರ್) ಬುಡದಲ್ಲಿ ಅವರು ನ್ಯೂಟ್ರಲನ್ನು ನೆಲಕ್ಕೆ ಸೇರಿಸಿರುತ್ತಾರೆ. ನಿನ್ನ ಮಷಿನ್ ಬಾಡಿಗೆ ಫೇಸ್ ತಗುಲಿತು ಅನ್ನು. ಕರೆಂಟು ನಿನ್ನ ಗುಂಡಿಯಿಂದ ಇಳಿದು, ಮಣ್ಣಿನಲ್ಲಿ ಹೋಗಿ, ಟಿಸಿ ಗುಂಡಿಯಲ್ಲಿ ಏರಬೇಕು. ಎರಡೂ ಗುಂಡಿ ಬಹಳ ಒಳ್ಳೆಯವು, ತಲಾ 5 ಓಮ್ ಅನ್ನೋಣ. 230 ಭಾಗಿಸು 10, ಬಂದದ್ದು 23 ಆಂಪ್. ನಿನ್ನ 32 ಆಂಪ್ ಎಂಸಿಬಿಗೆ 23 ಅಂದರೆ ಏನೂ ಅಲ್ಲ. ಸಿ ಟೈಪ್ ಎಂಸಿಬಿ ತಟ್ಟನೆ ಬೀಳೋಕೆ ತನ್ನ ರೇಟಿಂಗಿನ ಐದರಿಂದ ಹತ್ತು ಪಟ್ಟು ಬೇಕು, ಅಂದರೆ 160ರಿಂದ 320 ಆಂಪ್. ಅದು ಬೀಳಲ್ಲ. ಮಷಿನ್ ಬಾಡಿ 115 ವೋಲ್ಟ್ ಹೊತ್ತುಕೊಂಡು ನಿಂತಿರುತ್ತೆ, ಯಾರಾದರೂ ಮುಟ್ಟುವ ತನಕ.

ಅದಕ್ಕೇ ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಪೂರ್ತಿ ವಾಪಸ್ ಬರದಿದ್ದರೆ ಅದು ಬೀಳುತ್ತೆ. 30 ಮಿಲಿ ಆಂಪ್ ಸೋರಿದರೆ ಸಾಕು, ಅರ್ಧ ಸೆಕೆಂಡೂ ಬೇಕಿಲ್ಲ. ಇದು ಇದ್ದರೆ ಅರ್ಥ್ ಗುಂಡಿ 100 ಓಮ್ ಇದ್ದರೂ ಕೆಲಸ ನಡೆಯುತ್ತೆ. ಇದು ಇಲ್ಲದಿದ್ದರೆ 5 ಓಮ್ ಗುಂಡಿಯೂ ಜೀವ ಉಳಿಸಲ್ಲ. ಒಂದು ಮಾತು: ನ್ಯೂಟ್ರಲ್, ಅರ್ಥ್ ಶೆಡ್ಡಿನಲ್ಲಿ ಜೋಡಿಸಿದ್ದರೆ ಆರ್‌ಸಿಸಿಬಿ ನಿಲ್ಲೋದೇ ಇಲ್ಲ, ಹಾಕಿದ ಕೂಡಲೇ ಬೀಳುತ್ತೆ. ಆಗ ಕೆಲವರು "ಪೀಸ್ ಡಿಫೆಕ್ಟ್" ಅಂತ ಆರ್‌ಸಿಸಿಬಿಯನ್ನೇ ತೆಗೆದುಬಿಡುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ.

ಈಗ ಮೇನ್ ಸ್ವಿಚ್. ಬೇಕು. ಶೆಡ್ಡಿನ ಬಾಗಿಲ ಪಕ್ಕ, ಕೈಗೆ ಎಟುಕುವ ಎತ್ತರದಲ್ಲಿ, ಮಳೆ ಬಡಿಯದ ಕಡೆ. ಡಬಲ್ ಪೋಲ್. ಫೇಸು ನ್ಯೂಟ್ರಲು ಎರಡೂ ಒಟ್ಟಿಗೆ ಕಡಿಯಬೇಕು. ನಮ್ಮ ಕಡೆ ಗಾಳಿಮಳೆ ಆದಮೇಲೆ ಕಂಬದ ಮೇಲೆ ಸರ್ವಿಸ್ ವೈರ್ ಮತ್ತೆ ಕಟ್ಟುವಾಗ ಫೇಸ್ ನ್ಯೂಟ್ರಲ್ ಅದಲು ಬದಲಾಗುವುದು ಉಂಟು. ಆಗ ನಿನ್ನ ಸಿಂಗಲ್ ಪೋಲ್ ಎಂಸಿಬಿ ನ್ಯೂಟ್ರಲ್ ಕಡಿಯುತ್ತೆ. ಲೈಟ್ ಆರುತ್ತೆ, ಫೇಸ್ ಒಳಗೇ ಇರುತ್ತೆ. ನ್ಯೂಟ್ರಲಿಗೆ ಒಂಟಿ ಸ್ವಿಚ್ಚೋ ಫ್ಯೂಸೋ ಯಾವತ್ತೂ ಹಾಕಬಾರದು. ಕಡಿದರೆ ಎರಡೂ ಒಟ್ಟಿಗೆ.

ಪಕ್ಕದಲ್ಲಿ ಹುಲ್ಲಿನ ಬಣವೆ ಇದೆ ತಾನೇ? ಅದಕ್ಕೆ ಬೆಂಕಿ ಬಿದ್ದ ರಾತ್ರಿ ಮನೆಗೆ ಓಡಿ ಕೀಲಿ ತೆಗೆದು ಮೇನ್ ಹುಡುಕುತ್ತೀಯಾ?

ಸಿಂಧನೂರು ಪಂಪ್‌ಸೆಟ್ (ಮಂಗಳವಾರ, ಮಧ್ಯಾಹ್ನ 1:40)

ಇಷ್ಟೆಲ್ಲ ಯಾಕೆ? ಹೊಲದ ಬೋರ್ ಸ್ಟಾರ್ಟರಿನಿಂದ ಒಂದು ಫೇಸ್ ತಗೊಂಡು, ನೆಲದಲ್ಲಿ ರಾಡ್ ಹೊಡೆದು ಅದನ್ನೇ ನ್ಯೂಟ್ರಲ್ ಮಾಡಿದರೆ ಲೈಟ್ ಹತ್ತುತ್ತೆ. 10 ಎಚ್‌ಪಿ ತನಕ ಬಿಲ್ಲೇ ಇಲ್ಲ. ನಮ್ಮ ಕಡೆ ಎಲ್ಲರೂ ಇದೇ ಮಾಡೋದು.

ಗಂಗಾವತಿ ಡಿಪ್ಲೊಮಾ (ಮಂಗಳವಾರ, ಮಧ್ಯಾಹ್ನ 2:15)

ಎಲ್ಲರೂ ಮಾಡುತ್ತಾರೆ, ನಮ್ಮ ಮಾವನೂ ಮಾಡಿದ್ದ. ಒಂದು ಸಂಜೆ ರಾಡಿನ ವೈರ್ ಸಡಿಲ ಆಗಿ ಬಲ್ಬ್ ಮಿಣುಕ್ ಮಿಣುಕ್ ಅಂತಿತ್ತು. ವೈರ್ ಬಿಗಿ ಮಾಡೋಣ ಅಂತ ಕೈ ಹಾಕಿದ. ರಾಡಿನಿಂದ ವೈರ್ ಬಿಟ್ಟ ಕೂಡಲೇ ಫೇಸ್ ಬಲ್ಬಿನ ಮೂಲಕ ಹಾದು ಅವನ ಕೈಗೆ ಬಂತು. ಒಣ ಗಟ್ಟೆ ಮೇಲೆ ನಿಂತಿದ್ದ, ಉಳಿದ. ಕೆಸರಿನ ಗದ್ದೆಯಲ್ಲಿ ನಿಂತಿದ್ದರೆ ಈ ಕಥೆ ಹೇಳೋಕೆ ಆಗುತ್ತಿರಲಿಲ್ಲ.

ಉಚಿತ ಕರೆಂಟ್ ಇರುವುದು ಪಂಪ್‌ಸೆಟ್ಟಿಗೆ. ದನದ ಶೆಡ್ಡಿಗೆ ಅದನ್ನು ಎಳೆಯುವಂತಿಲ್ಲ. ಅದೂ ಅಲ್ಲದೆ ಪಂಪ್ ಲೈನಿನಲ್ಲಿ ತ್ರೀ ಫೇಸ್ ಇರುವುದು ದಿನಕ್ಕೆ ಕೆಲವೇ ಗಂಟೆ. ಎಮ್ಮೆ ಕರು ಹಾಕುವುದು ಅದರ ಟೈಮ್ ನೋಡಿಕೊಂಡಲ್ಲ.

ಸಿಂಧನೂರು ಪಂಪ್‌ಸೆಟ್ (ಮಂಗಳವಾರ, ಮಧ್ಯಾಹ್ನ 2:50)

ಸರಿಯಪ್ಪ. ನಮ್ಮ ಹೊಲದ ರಾಡನ್ನೂ ಇವತ್ತೇ ತೆಗೆಸುತ್ತೇನೆ. ಹುಡುಗರು ಆಡುತ್ತಿರುತ್ತವೆ ಅಲ್ಲಿ.

ಹೊಸಪೇಟೆ ರಸ್ತೆ (ಬುಧವಾರ, ಬೆಳಿಗ್ಗೆ 8:30)

ನನ್ನ ತಮ್ಮ ಅಮೆರಿಕದ ಟೆಕ್ಸಾಸಿನಲ್ಲಿದ್ದಾನೆ. ಮನೆ ಹಿಂದೆ ಬೇರೆ ಶೆಡ್ ಕಟ್ಟಿಸಿದ. ಅಲ್ಲಿ ಶೆಡ್ಡಿಗೆ ನಾಲ್ಕು ತಂತಿ ಹೋಗಬೇಕಂತೆ: ಎರಡು ಫೇಸ್, ನ್ಯೂಟ್ರಲ್, ಅರ್ಥ್. ವೈರ್ ಶೆಡ್ಡಿಗೆ ಬರುವ ಜಾಗಕ್ಕೆ ಹತ್ತಿರದಲ್ಲೇ ಮೇನ್ ಸ್ವಿಚ್ ಇರಬೇಕು, ಶೆಡ್ಡಿಗೂ 8 ಅಡಿ ರಾಡ್ ಹೊಡೆಯಬೇಕು, ಆದರೆ ಆ ಬೋರ್ಡಿನಲ್ಲಿ ನ್ಯೂಟ್ರಲ್ ಅರ್ಥ್ ಸೇರಿಸಬಾರದು. ಇನ್ಸ್‌ಪೆಕ್ಟರ್ ಬಂದು ಪಟ್ಟಿ ಬಿಚ್ಚಿಸಿ ನೋಡಿದರಂತೆ. ಮೊದಲು ಅಲ್ಲೂ ಮೂರೇ ತಂತಿ ಎಳೆದು ಶೆಡ್ಡಿನಲ್ಲಿ ನ್ಯೂಟ್ರಲ್ ಅರ್ಥ್ ಸೇರಿಸುತ್ತಿದ್ದರಂತೆ. 2008ರ ಕೋಡಿನಿಂದ ಹೊಸ ಕೆಲಸಕ್ಕೆ ಅದು ಬಂದ್. ಆದರೆ ಮನೆಯ ಮೇನ್ ಬೋರ್ಡಿನಲ್ಲಿ ನ್ಯೂಟ್ರಲ್ ಅರ್ಥ್ ಸೇರಿಸಲೇಬೇಕಂತೆ. ನಾವೂ ಮನೆಯಲ್ಲಿ ಹಾಗೆ ಮಾಡಬೇಕಾ?

ಶಕ್ತಿನಗರದ ನಿವೃತ್ತ (ಬುಧವಾರ, ಬೆಳಿಗ್ಗೆ 9:50)

ಬೇಡ, ಬೇಡ. ಅಲ್ಲಿಯದು ಬೇರೆ ಪದ್ಧತಿ. ಅಲ್ಲಿ ಮನೆಯ ಮೇನ್ ಬೋರ್ಡಿನಲ್ಲಿ ಸೇರಿಸಿರುವುದರಿಂದ ಮಷಿನ್ ಬಾಡಿಗೆ ಫೇಸ್ ತಗುಲಿದರೆ ಕರೆಂಟು ಮಣ್ಣಿಗೆ ಹೋಗಬೇಕಿಲ್ಲ, ತಂತಿಯಲ್ಲೇ ವಾಪಸ್ ಹೋಗುತ್ತೆ. ನೂರಾರು ಆಂಪ್ ಹರಿದು ಬ್ರೇಕರ್ ಬೀಳುತ್ತೆ. ನಮ್ಮಲ್ಲಿ ಮಣ್ಣಿನ ದಾರಿ, ಅದಕ್ಕೇ ಆರ್‌ಸಿಸಿಬಿ ಇಲ್ಲದೆ ಆಗಲ್ಲ. ನಮ್ಮ ಮನೆ ಬೋರ್ಡಿನಲ್ಲಿ ನಾವು ಸೇರಿಸಿದರೆ, ಹಳ್ಳಿಯ ಲೈನಿನಲ್ಲಿ ನ್ಯೂಟ್ರಲ್ ಕಿತ್ತ ದಿನ ಇಡೀ ಓಣಿಯ ಕರೆಂಟು ನಿಮ್ಮ ಮನೆ ಫ್ರಿಜ್ ಬಾಡಿ ಹಿಡಿದು ನೆಲಕ್ಕಿಳಿಯುತ್ತೆ.

ಆದರೆ ಟೆಕ್ಸಾಸಿನವರೂ ಕಾರಟಗಿಯವರೂ ಒಪ್ಪಬೇಕಾದ ಮಾತು ಒಂದಿದೆ. ಬೇರೆ ಕಟ್ಟಡದ ಬೋರ್ಡಿನಲ್ಲಿ ನ್ಯೂಟ್ರಲ್ ಪಟ್ಟಿ ಬೇರೆ, ಅರ್ಥ್ ಪಟ್ಟಿ ಬೇರೆ. ನ್ಯೂಟ್ರಲ್ ಪಟ್ಟಿ ಪ್ಲಾಸ್ಟಿಕ್ ಕಾಲಿನ ಮೇಲೆ ಕೂರಬೇಕು, ಡಬ್ಬಿಗೆ ತಾಗಬಾರದು. ಮತ್ತು ಮನೆಯಿಂದ ಅರ್ಥ್ ತಂತಿ ಕೇಬಲ್ ಜೊತೆಗೇ ಬರಬೇಕು.

ಆನೆಗುಂದಿ ಬಂಡೆ (ಬುಧವಾರ, ರಾತ್ರಿ 9:00)

ನಿಮ್ಮದು ಎರೆ ಭೂಮಿ, ಗದ್ದೆ ನೀರು, ಪೈಪ್ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುತ್ತೆ. ನಮ್ಮ ಕಡೆ ಎರಡಡಿ ಅಗೆದರೆ ಬಂಡೆ. ಅರ್ಥ್ ಪೈಪ್ ಎರಡೂವರೆ ಮೀಟರ್ ಇಳಿಸು ಅಂದರೆ ಎಲ್ಲಿ ಇಳಿಸಲಿ?

ಶಕ್ತಿನಗರದ ನಿವೃತ್ತ (ಗುರುವಾರ, ಬೆಳಿಗ್ಗೆ 7:10)

ನೆಟ್ಟಗೆ ಇಳಿಯದಿದ್ದರೆ ಅಡ್ಡ ಮಲಗಿಸಿ. ಅರ್ಧ ಮೀಟರ್ ಆಳದ ಕಾಲುವೆ, ಅದರಲ್ಲಿ 15 ಮೀಟರ್ ಜಿಐ (ಸತು ಲೇಪಿಸಿದ ಕಬ್ಬಿಣ) ಪಟ್ಟಿ, 25 ಎಂಎಂ ಅಗಲ 4 ಎಂಎಂ ದಪ್ಪ. ಮೇಲೆ ಕೆರೆ ಮಣ್ಣು ಇಲ್ಲವೇ ಬೆಂಟೊನೈಟ್ ಜೇಡಿಮಣ್ಣು ತುಂಬಿ. ಬಚ್ಚಲು ನೀರು ಹೋಗುವ ಕಡೆ ಮಲಗಿಸಿದರೆ ಇನ್ನೂ ಒಳ್ಳೆಯದು. ನಮ್ಮ ದೇಶದ ಅರ್ಥಿಂಗ್ ಕೋಡ್ ಐಎಸ್ 3043 ಪೈಪ್, ಪ್ಲೇಟ್, ಪಟ್ಟಿ ಮೂರಕ್ಕೂ ಜಾಗ ಕೊಟ್ಟಿದೆ. ಮೊದಲಿನದು 1987ರದು, ಈಗಿನದು 2018ರದು.

ಎರೆ ಭೂಮಿಯವರೂ ಬೀಗಬೇಡಿ. ಮಳೆಗಾಲದಲ್ಲಿ ಎರೆ ಮಣ್ಣು ಅರ್ಥಿಂಗಿಗೆ ಬಂಗಾರ. ಏಪ್ರಿಲ್ ಮೇನಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟು ಪೈಪಿನಿಂದ ಸರಿದು ನಿಲ್ಲುತ್ತೆ. ಅಳೆಯುವುದಿದ್ದರೆ ಆ ತಿಂಗಳಲ್ಲಿ ಅಳೆಯಿರಿ. ಉಪ್ಪು ಜಾಸ್ತಿ ಸುರಿದರೆ ನಾಲ್ಕಾರು ವರ್ಷದಲ್ಲಿ ಜಿಐ ಪೈಪನ್ನೇ ತಿಂದು ಹಾಕುತ್ತೆ, ಉಪ್ಪೂ ಮಳೆಗೆ ಕರಗಿ ಹೋಗುತ್ತೆ.

ರಾಯಚೂರು ಟೀಚರ್ (ಗುರುವಾರ, ಸಂಜೆ 5:30)

ನಮ್ಮದು ಹಳೇ ಮನೆ, ಬಚ್ಚಲು ಅಂಗಳದ ಆಚೆ ಬೇರೆ ಕಟ್ಟಡ. ಒಂದು ಗೀಸರ್, ಒಂದು ಲೈಟ್ ಅಷ್ಟೇ. ಅದಕ್ಕೂ ಡಿಬಿ (ಎಂಸಿಬಿ ಕೂರಿಸುವ ಬೋರ್ಡ್), ಗುಂಡಿ ಎಲ್ಲ ಬೇಕಾ?

ಗಂಗಾವತಿ ಡಿಪ್ಲೊಮಾ (ಗುರುವಾರ, ಸಂಜೆ 6:05)

ಬೇಡ ಅಕ್ಕ. ಒಂದೇ ಸರ್ಕ್ಯೂಟ್ ಇದ್ದರೆ ಮನೆಯ ಡಿಬಿಯಿಂದ ಮೂರು ತಂತಿ ಎಳೆಯಿರಿ, ಅರ್ಥ್ ಸೇರಿ. ಗೀಸರಿಗೆ 4 ಸ್ಕ್ವೇರ್ ಇರಲಿ. ಬಚ್ಚಲ ಹೊರಗೋಡೆಗೆ ಡಬಲ್ ಪೋಲ್ ಸ್ವಿಚ್. ಮನೆಯ ಡಿಬಿಯಲ್ಲಿ ಆ ಸರ್ಕ್ಯೂಟಿಗೆ 30 ಮಿಲಿ ಆಂಪ್ ಆರ್‌ಸಿಸಿಬಿ ಬರುವ ಹಾಗೆ ನೋಡಿಕೊಳ್ಳಿ. ಗುಂಡಿಯ ಖರ್ಚು ಉಳಿಸಿ, ಆರ್‌ಸಿಸಿಬಿ ಖರ್ಚು ಮಾತ್ರ ಉಳಿಸಬೇಡಿ.

ಬಳ್ಳಾರಿ ಜೀನ್ಸ್ ಶೆಡ್ (ಗುರುವಾರ, ರಾತ್ರಿ 11:20)

ಆರ್‌ಸಿಸಿಬಿ ಹೊಗಳುವವರಿಗೆ ನನ್ನದೊಂದು ದೂರು. ಮನೆ ಹಿಂದಿನ ಶೆಡ್ಡಿನಲ್ಲಿ ಹದಿನೆಂಟು ಹೊಲಿಗೆ ಮಷಿನ್, ಎಲ್ಲ ಸರ್ವೋ ಮೋಟರಿನವು. ಒಂದೇ 30 ಮಿಲಿ ಆಂಪ್ ಆರ್‌ಸಿಸಿಬಿ. ಬೆಳಿಗ್ಗೆ ಎಲ್ಲರೂ ಬಂದು ಮಷಿನ್ ಆನ್ ಮಾಡಿದ ಕೂಡಲೇ ಟಪ್. ವಾರ ನೋಡಿ ಸಾಕಾಗಿ ಬೈಪಾಸ್ ಮಾಡಿಸಿದೆ. ಇಲ್ಲಿ ಓದಿದ ಮೇಲೆ ಎದೆ ಡವಡವ ಅಂತಿದೆ.

ಶಕ್ತಿನಗರದ ನಿವೃತ್ತ (ಶುಕ್ರವಾರ, ಬೆಳಿಗ್ಗೆ 6:30)

ಬೈಪಾಸ್ ಇವತ್ತೇ ತೆಗೆಸಿ. ತಪ್ಪು ಆರ್‌ಸಿಸಿಬಿಯದಲ್ಲ. ಸರ್ವೋ ಮೋಟರಿನ ಎಲೆಕ್ಟ್ರಾನಿಕ್ಸ್ ಒಳಗೆ ಗಲಾಟೆ ತಡೆಯುವ ಫಿಲ್ಟರ್ ಇರುತ್ತೆ. ಅದು ಮಷಿನ್ ಚೆನ್ನಾಗಿದ್ದರೂ ಒಂದೆರಡು ಮಿಲಿ ಆಂಪ್ ಅರ್ಥಿಗೆ ಬಿಡುತ್ತೆ. ಹದಿನೆಂಟು ಸೇರಿದರೆ 20 ದಾಟುತ್ತೆ. 30ರ ಆರ್‌ಸಿಸಿಬಿ 15 ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು, ಅದು ಅದರ ಹಕ್ಕು. ಐದೈದು ಮಷಿನ್‌ಗೆ ಒಂದರಂತೆ ನಾಲ್ಕು ಆರ್‌ಸಿಸಿಬಿ ಮಾಡಿ. ಪ್ರತಿಯೊಂದಕ್ಕೂ ಅದರದೇ ನ್ಯೂಟ್ರಲ್ ಪಟ್ಟಿ. ಒಂದರ ನ್ಯೂಟ್ರಲ್ ಇನ್ನೊಂದಕ್ಕೆ ಸೇರಿದರೆ ಮತ್ತೆ ಟಪ್. ಎ ಟೈಪ್ ಕೇಳಿ ತಗೊಳ್ಳಿ, ಸಾದಾ ಎಸಿ ಟೈಪ್ ಈ ಡ್ರೈವ್‌ಗಳಿಗೆ ಕಣ್ಣು ಮುಚ್ಚಿಕೊಳ್ಳಬಹುದು.

ಮತ್ತೆ, ಆರ್‌ಸಿಸಿಬಿ ಓವರ್‌ಲೋಡಿಗೆ ಬೀಳಲ್ಲ. ಪ್ರತಿ ಗುಂಪಿಗೆ ಎಂಸಿಬಿ ಬೇರೆ ಇರಲೇಬೇಕು.

ಗಂಗಾವತಿ ಡಿಪ್ಲೊಮಾ (ಶುಕ್ರವಾರ, ಬೆಳಿಗ್ಗೆ 8:00)

ಕಾರಟಗಿ ಅಣ್ಣ, ಕೇಬಲ್ ನೆಲದಡಿ ಹಾಕಿಸಿ. ಆರ್ಮರ್ಡ್ (ಮೇಲೆ ಸ್ಟೀಲ್ ತಂತಿಯ ಕವಚ ಇರುವ) ಅಲ್ಯೂಮಿನಿಯಂ 10 ಸ್ಕ್ವೇರ್ ತಗೊಂಡರೆ ಪ್ರತಿರೋಧ 6 ಸ್ಕ್ವೇರ್ ತಾಮ್ರದಷ್ಟೇ, ಕಿಲೋಮೀಟರಿಗೆ 3.08 ಓಮ್. ಹೋಗಿ ಬರುವ 90 ಮೀಟರಿಗೆ 17 ಆಂಪ್‌ನಲ್ಲಿ 5 ವೋಲ್ಟ್ ಕೂಡ ಬೀಳಲ್ಲ. ಈಗ ಮಷಿನ್ ಎದ್ದೇಳುವಾಗ 40 ವೋಲ್ಟ್ ಬೀಳುತ್ತಿದೆ, ಅದಕ್ಕೇ ಗುರ್ ಅಂತ ನಿಲ್ಲುತ್ತಿರಬೇಕು. ಎರಡು ಕೋರ್ ಸಾಕು, ಮೇಲಿನ ಸ್ಟೀಲ್ ತಂತಿಯನ್ನೇ ಅರ್ಥ್ ಮಾಡಬಹುದು.

ಶಕ್ತಿನಗರದ ನಿವೃತ್ತ (ಶುಕ್ರವಾರ, ಬೆಳಿಗ್ಗೆ 8:40)

ಕೊನೇ ಮಾತು ಒಪ್ಪಲ್ಲ. ಪುಸ್ತಕದಲ್ಲಿ ಸರಿ, ದನದ ಶೆಡ್ಡಿನಲ್ಲಿ ಅಲ್ಲ. ಗಂಜಲದ ಹವೆಗೆ ಗ್ಲ್ಯಾಂಡ್ (ಕೇಬಲ್ ಡಬ್ಬಿಯೊಳಗೆ ಹೋಗುವಲ್ಲಿ ಹಿಡಿಯುವ ಲೋಹದ ಬಿರಡೆ) ಹತ್ತಿರ ಸ್ಟೀಲ್ ತಂತಿ ತುಕ್ಕು ಹಿಡಿಯುತ್ತೆ, ಹೊರಗೆ ಕಾಣುವುದೂ ಇಲ್ಲ. ಮೂರು ಕೋರ್ ತಗೋ, ಒಂದು ಕೋರ್ ಪೂರ್ತಿ ಅರ್ಥಿಗೆ. ಸ್ಟೀಲ್ ತಂತಿಯನ್ನೂ ಗ್ಲ್ಯಾಂಡಿನಲ್ಲಿ ಅರ್ಥಿಗೆ ಸೇರಿಸು. ಮುಕ್ಕಾಲು ಮೀಟರ್ ಆಳ, ಕೆಳಗೆ ಮೇಲೆ ಮರಳು, ಮರಳ ಮೇಲೆ ಇಟ್ಟಿಗೆ. ಟ್ರ್ಯಾಕ್ಟರ್ ದಾಟುವಲ್ಲಿ ಪೈಪಿನೊಳಗೆ. ಅಲ್ಯೂಮಿನಿಯಂ ತುದಿಗೆ ಲಗ್ ಒತ್ತಿಸದೆ ಎಂಸಿಬಿಗೆ ತುರುಕಬೇಡಿ, ಸಡಿಲವಾಗಿ ಸುಡುತ್ತೆ.

ಮನೆ ತುದಿಯಲ್ಲಿ 25 ಆಂಪ್ ಡಬಲ್ ಪೋಲ್ ಎಂಸಿಬಿ ಮತ್ತು 100 ಮಿಲಿ ಆಂಪ್ ಆರ್‌ಸಿಸಿಬಿ, ತಡವಾಗಿ ಬೀಳುವ ಎಸ್ ಟೈಪ್. ಕೇಬಲಿಗೇ ಸಲಾಕೆ ಬಿದ್ದರೆ ಅದು ನೋಡಿಕೊಳ್ಳುತ್ತೆ. ಶೆಡ್ಡಿನಲ್ಲಿ 30ರದು. ಹೀಗಿದ್ದರೆ ಶೆಡ್ಡಿನ ತಪ್ಪಿಗೆ ಶೆಡ್ ಮಾತ್ರ ಆರುತ್ತೆ.

ಶೆಡ್ಡಿಗೆ ಬೇರೆ ಗುಂಡಿ ಬೇಕಾ ಅಂದೆಯಲ್ಲ. ಮನೆಯಿಂದ ಅರ್ಥ್ ತಂತಿ ಬಂದರೆ ಅದರಲ್ಲೇ ನಡೆಯುತ್ತೆ. ಆದರೆ ದನ ಕಟ್ಟುವ ಜಾಗ, ನಾನಾದರೆ ಹಾಕುತ್ತೇನೆ. ಹಾಕಿದರೆ ಎರಡೂ ಅರ್ಥ್ ಒಂದಕ್ಕೊಂದು ಸೇರಿರಬೇಕು. ಶೆಡ್ಡಿನ ನೆಲದ ಕಾಂಕ್ರೀಟ್ ಇನ್ನೂ ಬಾಕಿ ಇದೆಯಾ? ಇದ್ದರೆ ಹಾಕುವ ಮುಂಚೆ ಒಳಗಿನ ಕಬ್ಬಿಣದ ಜಾಲರಿಯನ್ನು ತೊಟ್ಟಿ, ಪೈಪ್, ಕಂಬ, ಅರ್ಥ್ ಪಟ್ಟಿ ಎಲ್ಲದಕ್ಕೂ ಸೇರಿಸು. ಕಾಲ ಕೆಳಗೂ ಮೂತಿಯ ಹತ್ತಿರವೂ ಒಂದೇ ವೋಲ್ಟೇಜ್ ಇದ್ದರೆ ಎಮ್ಮೆಗೆ ಏನೂ ಗೊತ್ತಾಗಲ್ಲ. ಕಾಂಕ್ರೀಟ್ ಬಿದ್ದ ಮೇಲೆ ಈ ಕೆಲಸ ಆಗಲ್ಲ.

ಲೈಸೆನ್ಸ್ ಇರುವ ಕಂಟ್ರಾಕ್ಟರ್ ಕೈಯಲ್ಲೇ ಮಾಡಿಸು. ಲೋಡ್ ಜಾಸ್ತಿ ಆದದ್ದನ್ನು ಆರ್‌ಆರ್ ನಂಬರ್ ಕೊಟ್ಟು ಜೆಸ್ಕಾಂನಲ್ಲಿ ಬರೆಸು.

ಕಾರಟಗಿ ಹೈನುಗಾರ (ಒಂದು ತಿಂಗಳ ನಂತರ, ಭಾನುವಾರ)

ಕೆಲಸ ಮುಗಿಯಿತು. ಅಲ್ಲಿಯ ತನಕ ಶೆಡ್ಡಿನ ಲೈನ್ ಕಡಿಸಿ, ಮೇವನ್ನು ಕೈಯಲ್ಲೇ ಕತ್ತರಿಸಿದೆವು. ನನ್ನ ಭುಜ ಹೇಳುತ್ತೆ ಆ ಕಥೆ.

ಗಂಗಾವತಿಯಿಂದ ಪರ್ಮಿಟ್ ಇರುವವರು ಬಂದರು. ಹಳೇ ರಾಡನ್ನು ಅರ್ಥ್ ಅಳೆಯುವ ಮೆಗ್ಗರಿನಲ್ಲಿ ಅಳೆದರು, 64 ಓಮ್. ಶೆಡ್ ಕಟ್ಟುವಾಗ ತುಂಬಿದ ಗರಸಿನಲ್ಲೇ ನಿಂತಿತ್ತಂತೆ, ಎರೆ ಮಣ್ಣಿಗೆ ತಲುಪಿರಲೇ ಇಲ್ಲ. ಹೊಸ ಪೈಪ್ ಕಾಲುವೆ ಕಡೆ ಇಳಿಸಿದ್ದಾರೆ, ಗೋಡೆಯಿಂದ ಎರಡು ಮೀಟರ್ ಬಿಟ್ಟು. 4 ಓಮ್ ಚಿಲ್ಲರೆ ಬಂತು. ಗದ್ದೆಗೆ ನೀರು ಇರುವ ಕಾಲ, ಮೇ ತಿಂಗಳಲ್ಲಿ ಮತ್ತೆ ಅಳೆಸುತ್ತೇನೆ ಸರ್.

ಎಸ್ ಟೈಪ್ ಇಲ್ಲಿ ಸಿಗಲಿಲ್ಲ, ಬೆಂಗಳೂರಿನಿಂದ ತರಿಸಿದೆವು. ಹನ್ನೊಂದು ದಿನ ಹಿಡಿಯಿತು. ಮೂರು ಕೋರ್ ಕೇಬಲ್, ಬಾಗಿಲ ಪಕ್ಕ ಮೇನ್ ಸ್ವಿಚ್, ಕೆಂಪು ಬಣ್ಣದ ಡಬ್ಬಿ. ಅವ್ವನಿಗೂ ಆಫ್ ಮಾಡುವುದು ಕಲಿಸಿದೆ. ಅರ್ಧ ನೆಲಕ್ಕೆ ಕಾಂಕ್ರೀಟ್ ಬಾಕಿ ಇತ್ತು, ಜಾಲರಿ ಸೇರಿಸಿಯೇ ಹಾಕಿಸಿದೆ. ಹಳೇ ಅರ್ಧದಲ್ಲಿ ತೊಟ್ಟಿ ಇತ್ತು, ಅದನ್ನೇ ಹೊಸ ಕಡೆಗೆ ಎತ್ತಿ ಇಟ್ಟೆವು. ಒಟ್ಟು ಖರ್ಚು ಕೇಳಬೇಡಿ, ಎರಡು ಎಮ್ಮೆಯ ಎರಡು ತಿಂಗಳ ಹಾಲಿನ ದುಡ್ಡು ಹೋಯಿತು.

ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿದೆ, ಬಿತ್ತು. ಪ್ರತಿ ಅಮಾವಾಸ್ಯೆಗೆ ಒತ್ತುವುದು ಅಂತ ಲೆಕ್ಕ ಇಟ್ಟುಕೊಂಡಿದ್ದೇನೆ. ತೊಟ್ಟಿ ಮತ್ತು ನೆಲದ ನಡುವೆ ಮಷಿನ್ ಓಡುವಾಗಲೂ ಮೀಟರ್ ಸೊನ್ನೆ ತೋರಿಸುತ್ತೆ.

ಐದು ಎಮ್ಮೆ ಅವತ್ತೇ ಸಂಜೆ ಕುಡಿದವು. ಎರಡು ಮರುದಿನ. ಒಂದು ಮುದಿ ಎಮ್ಮೆ ಮಾತ್ರ ಇನ್ನೂ ನಂಬುತ್ತಿಲ್ಲ. ತೊಟ್ಟಿ ಹತ್ತಿರ ಬಂದು, ಮೂಸಿ, ನಮ್ಮವ್ವನ ಮುಖ ನೋಡುತ್ತೆ. ಅವ್ವ ಬಕೆಟ್ ತರುತ್ತಾಳೆ.